ಕೋಡಿಯ ಜಾಗದಲ್ಲಿ ನಮ್ಮ ಯಜಮಾನರ ಪ್ರತಿಮೆ ಬೇಡ

ಮಾನ್ಯ ಜಿಲ್ಲಾಧಿಕಾರಿಯವರಿಗೆ, ಕೋಲಾರ ಜಿಲ್ಲೆ;
ಹಾಗೂ ನಮ್ಮ ಪಟ್ಟಣದ ಎಲ್ಲ ಹಿರಿಯರಿಗೆ, ಕಿರಿಯರಿಗೆ.

ನಮಸ್ಕಾರಗಳು.

ಹೋದ ವರ್ಷ ತೀರಿಕೊಂಡ ನಮ್ಮ ಯಜಮಾನರ ನೆನಪಿಗಾಗಿ ಪಟ್ಟಣದ ಕೆರೆಯ ಪಕ್ಕದಲ್ಲಿ ಉದ್ಯಾನವನ ಮಾಡಿ, ಅದರ ನಡುವೆ ಅವರ ಪ್ರತಿಮೆ ನಿಲ್ಲಿಸಲು ಊರಿನವರು ನಿಶ್ಚಯಿಸಿದ್ದಾರೆ. ಸೆಪ್ಟೆಂಬರ್ 15ರ ಇಂಜಿನಿಯರುಗಳ ದಿನದಂದು ತಮ್ಮ ಅಮೃತಹಸ್ತದಿಂದ ಶಂಕುಸ್ಥಾಪನೆ ಎಂದು ಆಹ್ವಾನ ಪತ್ರಿಕೆಯ ಕರಡಿನಲ್ಲಿದೆ. ‘ಗೌರವ ಉಪಸ್ಥಿತಿ’ ಎಂಬ ಸಾಲಿನ ಕೆಳಗೆ ನನ್ನ ಹೆಸರೂ ಇದೆ. ಗುರುತಿಸಿರುವ ಜಾಗ ಯಾವುದೆಂದು ನಕ್ಷೆ ತರಿಸಿಕೊಂಡು ನೋಡಿದೆ. ಅದು ಕೆರೆಯ ಕೋಡಿಯ ಕೆಳಗಿನ ಬಯಲು. ಕೆರೆ ತುಂಬಿ ಕೋಡಿ ಬಿದ್ದರೆ ನೀರು ಹರಿದುಹೋಗುವ ದಾರಿ. ಮೂವತ್ತಾರು ವರ್ಷ ಕೋಡಿಗಳ ಬಾಯಿ ಬಿಡಿಸುತ್ತಾ ತಿರುಗಿದ ಮನುಷ್ಯನ ಹೆಸರಿನಲ್ಲಿಯೇ ಒಂದು ಕೋಡಿಯ ಬಾಯಿ ಮುಚ್ಚುವುದಕ್ಕೆ ನಾನು ಒಪ್ಪಲಾರೆ.

ಬಾಯಿಮಾತಿನಲ್ಲಿ ಹೇಳಿ ನೋಡಿದೆ. ‘ಮೇಡಂ ಸಂಕೋಚದ ಸ್ವಭಾವದವರು’ ಎಂದು ನಕ್ಕು, ಕಾಫಿ ಕುಡಿದು ಹೋದರು. ಆದ್ದರಿಂದ ಎಲ್ಲರಿಗೂ ಕಾಣುವಂತೆ ಬರೆಯುತ್ತಿದ್ದೇನೆ. ಯಾರ ಮೇಲೂ ದೂರಿಲ್ಲ. ಈ ಯೋಚನೆ ಮಾಡಿದ ಹುಡುಗರಲ್ಲಿ ಕೆಲವರು ನನ್ನ ಬಳಿಯೇ ಹೈಸ್ಕೂಲಿನ ಲೆಕ್ಕ ಕಲಿತವರು. ಅವರ ತಂದೆಯವರ ಗದ್ದೆಗಳಿಗೆ ನಮ್ಮ ಯಜಮಾನರು ಕೆರೆಯ ನೀರು ಬಿಡುವ ತೂಬು ದುರಸ್ತಿ ಮಾಡಿಸಿಕೊಟ್ಟಿದ್ದರು. ಉಪಕಾರ ನೆನೆಯುವ ಮನಸ್ಸು ಒಳ್ಳೆಯದೇ. ಆರಿಸಿಕೊಂಡ ಜಾಗ ಮಾತ್ರ ಸರಿಯಿಲ್ಲ.

ತಾವು ಅವರನ್ನು ಕಂಡವರಲ್ಲ. ಅವರು ಎಂಥವರೆಂದು ಹೇಳದಿದ್ದರೆ ನನ್ನ ಅರ್ಜಿಗೆ ತಲೆಬುಡ ಇರುವುದಿಲ್ಲ; ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಶ್ರೀನಿವಾಸಪುರ ತಾಲ್ಲೂಕಿನ ಒಂದು ಸಣ್ಣ ಹಳ್ಳಿ ಅವರದು. ತಂದೆಗೆ ಕೆರೆಯ ಅಚ್ಚುಕಟ್ಟಿನಲ್ಲಿ ಮುಕ್ಕಾಲು ಎಕರೆ ಗದ್ದೆ, ಮೇಲೆ ಒಂದಿಷ್ಟು ರಾಗಿಯ ಹೊಲ. ಓದುವ ಹುಡುಗ ಎಂದು ಯಾರೋ ಹೇಳಿದ ಮೇಲೆ ತುಮಕೂರಿನ ಸಿದ್ಧಗಂಗಾ ಮಠಕ್ಕೆ ತಂದು ಬಿಟ್ಟರು. ಮಠದ ದಾಸೋಹದಲ್ಲಿ ಉಂಡು ಹೈಸ್ಕೂಲು ಮುಗಿಸಿ, 1963ರಲ್ಲಿ ಮಠವೇ ಆರಂಭಿಸಿದ್ದ ಇಂಜಿನಿಯರಿಂಗ್ ಕಾಲೇಜಿನಲ್ಲಿ ಸಿವಿಲ್ ಓದಿದರು. ಕೊನೆಯ ಊಟದವರೆಗೂ ತಟ್ಟೆಯಲ್ಲಿ ಒಂದು ಅಗುಳು ಬಿಟ್ಟವರಲ್ಲ. ನಮ್ಮ ಮಕ್ಕಳು ಬಿಟ್ಟರೆ ಬೈಯುತ್ತಿರಲಿಲ್ಲ, ಅದನ್ನು ತಾವೇ ತಿನ್ನುತ್ತಿದ್ದರು. ಮಕ್ಕಳಿಗೆ ಅದು ಬೈಗುಳಕ್ಕಿಂತ ಹೆಚ್ಚಾಗಿ ನಾಟುತ್ತಿತ್ತು.

1975ರಲ್ಲಿ ಕಿರಿಯ ಇಂಜಿನಿಯರಾಗಿ ಸರ್ಕಾರಿ ಕೆಲಸಕ್ಕೆ ಸೇರಿದರು. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಅಲ್ಲಿಯವರೆಗೆ ಬಾಗೇಪಲ್ಲಿಯಿಂದ ಮಾಲೂರಿನವರೆಗೆ ಒಂದೇ ಕೋಲಾರ. ಈ ಸೀಮೆಯಲ್ಲಿ ವರ್ಷಪೂರ್ತಿ ಹರಿಯುವ ನದಿಯೊಂದೂ ಇಲ್ಲ. ಪಾಲಾರ್, ಉತ್ತರ ಮತ್ತು ದಕ್ಷಿಣ ಪಿನಾಕಿನಿಗಳು, ಚಿತ್ರಾವತಿ, ಪಾಪಾಗ್ನಿ ಎಲ್ಲವೂ ಇಲ್ಲಿಯೇ ಹುಟ್ಟಿ, ಮೈತುಂಬಿಕೊಳ್ಳುವ ಮೊದಲೇ ಆಂಧ್ರಕ್ಕೋ ತಮಿಳುನಾಡಿಗೋ ಇಳಿದುಹೋಗುತ್ತವೆ. ಹೊಸದಾಗಿ ಕಟ್ಟೆ ಕಟ್ಟೋಣವೆಂದರೆ 1892ರಲ್ಲಿ ಮೈಸೂರು ಮತ್ತು ಮದರಾಸು ಸರ್ಕಾರಗಳ ನಡುವೆ ಆದ ಒಪ್ಪಂದ ಅಡ್ಡ ಬರುತ್ತಿತ್ತು. ಹಾಗಾಗಿ ಇಲ್ಲಿಯ ನೀರಾವರಿ ಇಂಜಿನಿಯರನ ಪಾಲಿಗೆ ಬಂದದ್ದು ಹಿಂದಿನವರು ಕಟ್ಟಿಟ್ಟ ಸಾವಿರಾರು ಕೆರೆಗಳ ರಿಪೇರಿ. ಏರಿಯ, ಅಂದರೆ ಕೆರೆಯ ಮಣ್ಣಿನ ಕಟ್ಟೆಯ, ಮೇಲಿನ ಜಾಲಿ ಕಡಿಸುವುದು, ಒಳಮೈಯ ಕಲ್ಲುಹೊದಿಕೆ ಜರುಗಿದ್ದರೆ ಮತ್ತೆ ಕೂರಿಸುವುದು, ತೂಬು ಸೋರಿದರೆ ನಿಲ್ಲಿಸುವುದು, ಹೆಗ್ಗಣ ತೋಡಿದ ಬಿಲಕ್ಕೆ ಜೇಡಿಮಣ್ಣು ತುಂಬಿಸಿ ದಮ್ಮಸ್ಸು ಮಾಡಿಸುವುದು. ಉದ್ಘಾಟನೆಯಿಲ್ಲದ, ಶಿಲಾಫಲಕವಿಲ್ಲದ ಕೆಲಸ.

ಇಲಾಖೆಯ ಅಳತೆ ಪುಸ್ತಕ ಇಲಾಖೆಗೆ ಸೇರಿದ್ದು. ಅದರ ಜೊತೆಗೆ ತಮ್ಮ ಸ್ವಂತಕ್ಕೆಂದು ಬೇರೆ ನೋಟ್‌ಬುಕ್ ಇಡುತ್ತಿದ್ದರು. ಕೆರೆಗೊಂದು ಪುಟ, ದೊಡ್ಡ ಕೆರೆಗೆ ಎರಡು. ಏರಿಯ ಉದ್ದ, ಅದರ ಮೇಲ್ಮಟ್ಟ, ತೂಬಿನ ತಳಮಟ್ಟ, ಕೋಡಿಯ ಮಟ್ಟ, ಕೋಡಿಯ ಉದ್ದ. ಅದರ ಕೆಳಗೆ ಇಲಾಖೆಯ ಪುಸ್ತಕದಲ್ಲಿ ಬರೆಯಲಾಗದ ಸಂಗತಿಗಳು. ಒಂದು ಪುಟ ಹೀಗಿದೆ (ಬೆಂಚ್‌ಮಾರ್ಕ್ ಎಂದರೆ ಉಳಿದ ಮಟ್ಟಗಳನ್ನು ಅಳೆಯಲು ಆಧಾರವಾದ ಗುರುತು, ನೀರುಗಂಟಿ ಎಂದರೆ ಕೆರೆಯ ನೀರು ನೋಡಿಕೊಳ್ಳುವವನು): ‘ಮುನೇಶ್ವರನ ಗುಡಿಯ ಎರಡನೇ ಮೆಟ್ಟಿಲು ಬೆಂಚ್‌ಮಾರ್ಕ್. ಗುಡಿಗೆ ಹೊಸ ಮೆಟ್ಟಿಲು ಮಾಡಿದರೆ ಇಲ್ಲಿಯ ಎಲ್ಲ ಮಟ್ಟಗಳನ್ನೂ ಮತ್ತೆ ತೆಗೆಯಬೇಕು. ನೀರುಗಂಟಿಯ ಮಾತು: ಅವನ ಅಪ್ಪನ ಕಾಲದಲ್ಲಿ ನೀರು ಈ ಹುಣಸೆಮರದ ಬುಡದವರೆಗೆ ಬಂದಿತ್ತು. ಮರದ ಬುಡ ಏರಿಗಿಂತ ಒಂಬತ್ತು ಅಂಗುಲ ಮಾತ್ರ ಕೆಳಗಿದೆ. ಅವನನ್ನು ನಂಬಬಹುದು.’

ಇನ್ನು ಮನೆಯ ಮಾತು. ಅರ್ಜಿಯಲ್ಲಿ ಇದು ಬೇಕೇ ಎಂದು ತಾವು ಕೇಳಬಹುದು. ಪ್ರತಿಮೆಯ ಕೆಳಗೆ ಕೆತ್ತಿಸಲು ಸಿದ್ಧಪಡಿಸಿರುವ ಬರಹದಲ್ಲಿ ‘ಆದರ್ಶ ಪತಿ, ಆದರ್ಶ ತಂದೆ’ ಎಂದಿದೆ. ಆ ವಿಷಯದಲ್ಲಿ ಸಾಕ್ಷಿ ಹೇಳಬಲ್ಲವಳು ನಾನೊಬ್ಬಳೇ ಆದ್ದರಿಂದ ಹೇಳಿಬಿಡುತ್ತೇನೆ.

ನಮ್ಮ ಮದುವೆ ಆದದ್ದು 1978ರಲ್ಲಿ. ನಾನು ಬಿ.ಎಸ್ಸಿ. ಮುಗಿಸಿದ್ದೆ. ಮಗಳಿಗೆ ಎರಡು ವರ್ಷ ತುಂಬುವ ಹೊತ್ತಿಗೆ ಅವರೇ ಬಿ.ಎಡ್. ಅರ್ಜಿ ತಂದು ಮುಂದಿಟ್ಟರು. ಸೀಟು ಸಿಕ್ಕಿದ್ದು ಬೆಂಗಳೂರಿನಲ್ಲಿ. ಹಾಸ್ಟೆಲಿನಲ್ಲಿ ನಾನು, ಇಲ್ಲಿ ಮಗಳ ಜೊತೆ ಅವರು. ಹೆಂಡತಿಯನ್ನು ಓದಲು ಕಳಿಸಿ, ಮಗುವಿಗೆ ಜುಟ್ಟು ಕಟ್ಟಿ, ಮೋಟಾರ್ ಸೈಕಲ್ಲಿನ ಮುಂದೆ ಕೂರಿಸಿಕೊಂಡು ಕೆರೆಯ ಕೆಲಸಕ್ಕೆ ಹೋಗುವ ಗಂಡಸನ್ನು ನಮ್ಮ ಸೀಮೆ ಆವರೆಗೆ ಕಂಡಿರಲಿಲ್ಲ. ಬಂಧುಗಳು ನಕ್ಕರು, ಕೆಲವರು ಎದುರಿಗೇ ನಕ್ಕರು. ಇವರು ಅಡುಗೆಮನೆಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ರಾಗಿಮುದ್ದೆಯ ಲೆಕ್ಕವನ್ನು ಕಾಂಕ್ರೀಟಿನ ಲೆಕ್ಕದಂತೆ ಬರೆದುಕೊಂಡಿದ್ದರು: ನೀರು ಇಷ್ಟು ಲೋಟ, ಹಿಟ್ಟು ಇಷ್ಟು ಲೋಟ, ಕುದಿ ಬಂದ ಮೇಲೆ ಇಷ್ಟು ನಿಮಿಷ. ನಾನು ರಜೆಗೆ ಬಂದಾಗ ಉಂಡ ಮುದ್ದೆಯಲ್ಲಿ ಒಂದು ಗಂಟೂ ಇರಲಿಲ್ಲ. ಬಸ್ಸಾರು ಮಾತ್ರ ಅವರಿಗೆ ಕೊನೆಗೂ ಒಲಿಯಲಿಲ್ಲ. ಸೊಪ್ಪು ಬಸಿದ ನೀರನ್ನು ಚೆಲ್ಲಿಬಿಡುತ್ತಿದ್ದರು, ನೀರಾವರಿಯವರಾಗಿಯೂ.

ಮುಂದೆ ನನ್ನ ತಾಯಿಗೆ ಪಾರ್ಶ್ವವಾಯು ಹೊಡೆದು ನಮ್ಮ ಮನೆಗೇ ಬಂದರು. ಬಲಗೈ, ಬಲಗಾಲು ಸ್ವಾಧೀನದಲ್ಲಿರಲಿಲ್ಲ. ನಾನು ಶಾಲೆಗೆ ಹೋದಾಗ ಮಗ್ಗುಲು ತಿರುಗಿಸಲು, ಎಬ್ಬಿಸಿ ಕೂರಿಸಲು ಯಾರಾದರೂ ಬೇಕು. ಅಳಿಯನ ಕೈಯಿಂದ ಮೈ ಮುಟ್ಟಿಸಿಕೊಳ್ಳುವುದು ಹೇಗೆಂದು ಅಮ್ಮ ಅತ್ತರು. ಇವರು ಏನೂ ಹೇಳದೆ ಪೇಟೆಗೆ ಹೋಗಿ ಕೊಕ್ಕೆ, ರಾಟೆ, ಹಗ್ಗ ತಂದರು. ತೊಲೆಗೆ ಕೊಕ್ಕೆ ಹೊಡೆದು ಹಗ್ಗ ಇಳಿಬಿಟ್ಟರು. ಎಡಗೈಯಲ್ಲಿ ಹಿಡಿಯುವ ಜಾಗಕ್ಕೆ ಮರದ ಹಿಡಿ, ಜಾರದಿರಲೆಂದು ಅದಕ್ಕೆ ಹಳೆಯ ಸೈಕಲ್ ಟ್ಯೂಬಿನ ಸುತ್ತು. ಎಷ್ಟು ಎತ್ತರದಲ್ಲಿದ್ದರೆ ಕಡಿಮೆ ಶಕ್ತಿ ಸಾಕು ಎಂದು ತಾವೇ ಮಂಚದ ಮೇಲೆ ಬಲಗೈ ಕಟ್ಟಿಕೊಂಡು ಮಲಗಿ ಎದ್ದು ನೋಡಿದರು. ಆಮೇಲೆ ‘ಅತ್ತೆ, ಇನ್ನು ನಾನು ಮುಟ್ಟುವುದಿಲ್ಲ, ನೀವೇ ಏಳಬೇಕು’ ಎಂದರು. ಅಮ್ಮ ಆ ಹಗ್ಗ ಹಿಡಿದು ಏಳು ವರ್ಷ ತಾವಾಗಿಯೇ ಎದ್ದು ಕೂತರು. ಮನೆ ಬದಲಾಯಿಸುವಾಗ ಎಲ್ಲಕ್ಕಿಂತ ಮೊದಲು ಬಿಚ್ಚಿ, ಹೊಸ ಮನೆಯಲ್ಲಿ ಎಲ್ಲಕ್ಕಿಂತ ಮೊದಲು ಕಟ್ಟುತ್ತಿದ್ದುದು ಅದನ್ನೇ.

ಆದರ್ಶ ಎಂಬ ಮಾತು ಅವರಿಗೆ ಹಿಡಿಸುತ್ತಿರಲಿಲ್ಲ. ಮಾರ್ಚ್ ತಿಂಗಳ ಬಿಲ್ಲುಗಳ ಗಲಾಟೆಯಲ್ಲಿ ಯುಗಾದಿಯನ್ನೇ ಮರೆತ ವರ್ಷಗಳಿವೆ. ಹಟ ಬಹಳ. ಆಗದ ಕೆಲಸ ಆಗಿದೆ ಎಂಬ ಬಿಲ್ಲಿಗೆ ಸಹಿ ಹಾಕದೆ ರಾತ್ರೋರಾತ್ರಿ ವರ್ಗವಾದದ್ದೂ ಉಂಟು. ಆ ಕಥೆ ಬಿಡಿ.

ಮಗಳಿಗೆ ಎಂಟೊಂಬತ್ತು ವರ್ಷವಾದಾಗ ಬೇಸಿಗೆ ರಜೆಯಲ್ಲಿ ನೆಲದ ಮಟ್ಟ ತೆಗೆಯಲು ಅವಳೇ ಸ್ಟಾಫ್, ಅಂದರೆ ಅಂಕಿ ಬರೆದ ಅಳತೆಕೋಲು, ಹಿಡಿಯುತ್ತಿದ್ದಳು. ಅವಳಿಗಿಂತ ಎರಡು ಪಟ್ಟು ಎತ್ತರದ ಕೋಲು, ನೆಟ್ಟಗೆ ನಿಲ್ಲುತ್ತಿರಲಿಲ್ಲ. ‘ನೆಟ್ಟಗೆ ಹಿಡಿಯಬೇಡ ಮಗಳೇ, ನಿಧಾನವಾಗಿ ನನ್ನ ಕಡೆಗೂ ಹಿಂದಕ್ಕೂ ಓಲಾಡಿಸು. ನನಗೆ ಕಾಣುವ ಅಂಕಿಗಳಲ್ಲಿ ಎಲ್ಲಕ್ಕಿಂತ ಕಡಿಮೆಯದನ್ನು ಬರೆದುಕೊಳ್ಳುತ್ತೇನೆ. ಕೋಲು ನೆಟ್ಟಗಾದ ಕ್ಷಣದಲ್ಲಿ ಬರುವ ಅಂಕಿ ಅದೇ’ ಎಂದರು. ಸರ್ವೆಯವರಿಗೆಲ್ಲ ಗೊತ್ತಿರುವ ಉಪಾಯವಿದು. ಆದರೆ ಕೈ ನಡುಗಿ ಅಳುವ ಹಂತಕ್ಕೆ ಬಂದಿದ್ದ ಹುಡುಗಿಗೆ ಅವಳ ನಡುಕದಿಂದಲೇ ಅಳತೆ ಸರಿಬರುತ್ತದೆ ಎಂದು ಹೇಳುವುದಕ್ಕೆ ಅಪ್ಪನೇ ಆಗಬೇಕು. ಅವಳೀಗ ಬ್ಯಾಂಕಿನಲ್ಲಿದ್ದಾಳೆ, ಮನೆಯಲ್ಲಿ ಕ್ಯಾಲೆಂಡರ್ ತೂಗುಹಾಕಿದರೂ ನಾಲ್ಕು ಹೆಜ್ಜೆ ಹಿಂದೆ ನಿಂತು ಒಂದು ಕಣ್ಣು ಮುಚ್ಚಿ ನೋಡುತ್ತಾಳೆ. ಮಗ ಗಣಿತದ ಟೀಚರಿನ ಮಗನಾಗಿ ಪಿಯುಸಿ ಗಣಿತದಲ್ಲಿ ಫೇಲಾದ. ಅವರು ಗದರಲಿಲ್ಲ, ನಾನೇ ಗದರಿದ್ದು. ಶ್ರೀನಿವಾಸಪುರದ ಹತ್ತಿರ ಅವನದು ಕಸಿ ಮಾವಿನ ನರ್ಸರಿ ಇದೆ, ನಮ್ಮೆಲ್ಲರಿಗಿಂತ ಚೆನ್ನಾಗಿದ್ದಾನೆ.

ಈಗ ಕೋಡಿಯ ವಿಷಯಕ್ಕೆ ಬರುತ್ತೇನೆ.

ಕೆರೆಗೆ ಏರಿ ಎಷ್ಟು ಮುಖ್ಯವೋ ಕೋಡಿಯೂ ಅಷ್ಟೇ ಮುಖ್ಯ. ಏರಿ ಮಣ್ಣಿನದು. ನೀರು ಅದರ ನೆತ್ತಿಯ ಮೇಲೆ ಒಂದು ಅಂಗುಲ ಹರಿದರೂ ಸಾಕು, ಹಿಂಬದಿಯ ಮಣ್ಣು ಕೊರೆದುಕೊಂಡು ಹೋಗಿ ಕೆಲವೇ ಗಂಟೆಗಳಲ್ಲಿ ಏರಿ ಒಡೆಯಬಹುದು. ಅದಕ್ಕೇ ಹಿಂದಿನವರು ಏರಿಯ ಒಂದು ಕೊನೆಯಲ್ಲಿ, ಗಟ್ಟಿ ನೆಲ ಅಥವಾ ಬಂಡೆ ನೋಡಿ, ಕಲ್ಲಿನ ಕೋಡಿ ಕಟ್ಟಿದರು. ನಮ್ಮ ಸೀಮೆಯ ಕೆರೆಗಳು ಸರಣಿಯಲ್ಲಿವೆ: ಮೇಲಿನ ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ ಒಳಹರಿವು. ಮೇಲಿನದೊಂದು ಒಡೆದರೆ ಕೆಳಗಿನವು ಸಾಲಾಗಿ ಒಡೆಯುತ್ತವೆ. 1903ರ ನವೆಂಬರಿನಲ್ಲಿ ಬೇತಮಂಗಲದ ಕೆರೆ ಒಡೆದು ಪಾಲಾರ್ ಉಕ್ಕಿ, ಕೆಳಗಿನ ವಾಣಿಯಂಬಾಡಿಯಲ್ಲಿ ಬಹಳ ಜನರ ಪ್ರಾಣ ಹೋಯಿತು. ಚಿನ್ನದ ಗಣಿಯ ಊರಿಗೆ ನೀರು ಕೊಡುತ್ತಿದ್ದ ಆ ಬೇತಮಂಗಲದಲ್ಲಿ ಇವರು ಕೆಲವು ಕಾಲ ಕೆಲಸ ಮಾಡಿದ್ದರು. 1903ರ ಮಾತು ಬಂದರೆ ಊಟದ ನಡುವೆಯೂ ಎದ್ದು ಕಾಗದ ಹುಡುಕುತ್ತಿದ್ದರು.

ಲೆಕ್ಕದ ಟೀಚರಾಗಿ ನನಗೆ ಇಷ್ಟವಾದ ಭಾಗ ಇಲ್ಲಿದೆ, ಬಿಡದೆ ಓದಬೇಕಾಗಿ ಪ್ರಾರ್ಥನೆ. ಕೋಡಿಯ ಮೇಲೆ ಹರಿದುಹೋಗುವ ನೀರಿನ ಪ್ರಮಾಣ ಕೋಡಿಯ ಉದ್ದಕ್ಕೆ ನೇರ ಅನುಪಾತದಲ್ಲಿರುತ್ತದೆ. ಅದರ ಮೇಲೆ ನಿಂತ ನೀರಿನ ಎತ್ತರಕ್ಕೆ ಒಂದೂವರೆ ಘಾತದ ಅನುಪಾತದಲ್ಲಿರುತ್ತದೆ. ಇವರ ನೋಟ್‌ಬುಕ್ಕಿನ ಪ್ರಕಾರ ನಮ್ಮ ಕೆರೆಯ ಕೋಡಿ 150 ಅಡಿ ಉದ್ದ. ದೊಡ್ಡ ಮಳೆಗೆ ಅದರ ಮೇಲೆ 2 ಅಡಿ ನೀರು ಹರಿಯಬೇಕು ಎಂಬ ಅಂದಾಜಿನಲ್ಲಿ ಕಟ್ಟಿದ್ದು. ಏರಿಯ ನೆತ್ತಿ ಕೋಡಿಗಿಂತ ನಾಲ್ಕೂವರೆ ಅಡಿ ಮೇಲಿದೆ. ಅಂದರೆ ದೊಡ್ಡ ಮಳೆಯಲ್ಲೂ ಎರಡೂವರೆ ಅಡಿ ಮಿಕ್ಕಿರುತ್ತದೆ. ಉದ್ಯಾನವನದ ನಕ್ಷೆಯಲ್ಲಿ ಕಾಂಪೌಂಡ್ ಗೋಡೆ ಕೋಡಿಯ ಕಲ್ಲಿಗೇ ಅಂಟಿಕೊಂಡು ಬಂದು ನೂರು ಅಡಿಯನ್ನು ಮುಚ್ಚುತ್ತದೆ. ನೀರಿಗೆ ಉಳಿಯುವುದು 50 ಅಡಿ. ಅದೇ ನೀರು ಮೂರನೇ ಒಂದು ಭಾಗದ ಬಾಯಿಯಿಂದ ಹೋಗಬೇಕಾದರೆ ಮಟ್ಟ 2 ಅಡಿಯಿಂದ ಹೆಚ್ಚುಕಡಿಮೆ 4 ಅಡಿ 2 ಅಂಗುಲಕ್ಕೆ ಏರಬೇಕು. ಏರಿಗೆ ಉಳಿಯುವುದು ನಾಲ್ಕು ಅಂಗುಲ. ಗಾಳಿ ಬೀಸಿದರೆ ಏಳುವ ಅಲೆಯೇ ಅದಕ್ಕಿಂತ ಎತ್ತರ. ಏರಿಯ ಕೆಳಗೆ ಈಗ ಗದ್ದೆಗಳಿಲ್ಲ. ಎರಡು ಬಡಾವಣೆ, ಒಂದು ಶಾಲೆ, ಟೊಮೆಟೊ ಮಂಡಿಗಳಿವೆ.

ಈ ಬಯಲು ಪಹಣಿಯಲ್ಲಿ ಬಿ ಖರಾಬು, ಅಂದರೆ ಸಾರ್ವಜನಿಕ ಉಪಯೋಗಕ್ಕೆಂದು ಸಾಗುವಳಿಯಿಂದ ಬಿಟ್ಟ ಜಾಗ. ಆದರೆ ಯಾರಿಗೂ ಬೇಡದ ಜಾಗ ಎಂದು ನಮ್ಮ ಜನ ತಿಳಿದಿದ್ದಾರೆ. ಅವರ ತಪ್ಪೂ ಇಲ್ಲ. ವರ್ಷಕ್ಕೆ 750 ಮಿಲಿಮೀಟರ್ ಆಸುಪಾಸು ಮಳೆಯ ಸೀಮೆಯಲ್ಲಿ ಮಕ್ಕಳು ಹುಟ್ಟಿ ದೊಡ್ಡವರಾಗಿ ಮದುವೆಯಾಗುವವರೆಗೂ ಕೆರೆ ಕೋಡಿ ಬೀಳಲಿಲ್ಲ. ಕೆರೆಯ ಅಂಗಳದಲ್ಲಿ ಜಾಲಿ ಬೆಳೆಯಿತು. ಜಲಾನಯನದಲ್ಲಿ ನೀಲಗಿರಿ ನೆಟ್ಟರು. ಕೊಳವೆಬಾವಿಗಳು ಸಾವಿರ ಅಡಿ ದಾಟಿದವು. ಆ ನೀರಿನ ಫ್ಲೋರೈಡಿನಿಂದ ನನ್ನ ತರಗತಿಯ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆಗಳು ಮೂಡಿದವು. ಕೋಡಿಯ ಬಯಲು ಕ್ರಿಕೆಟ್ ಆಡುವ ಜಾಗವಾಯಿತು, ಆಮೇಲೆ ಕಸ ಸುರಿಯುವ ಜಾಗ. ಈಗ ಉದ್ಯಾನವನ ಅದಕ್ಕಿಂತ ಅಂದವಾಗಿ ಕಾಣುವುದು ಸಹಜ.

2021ರ ನವೆಂಬರಿನಲ್ಲಿ ಏನಾಯಿತೆಂದು ಊರಿನವರಿಗೆ ನೆನಪಿರಬೇಕು. ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ದಶಕಗಳಿಂದ ಒಣಗಿದ್ದ ಕೆರೆಗಳು ಒಂದರ ಹಿಂದೊಂದು ತುಂಬಿದವು. ನಮ್ಮ ಕೆರೆಯೂ ತುಂಬಿತು. ಊರಿಗೆ ಊರೇ ಏರಿಯ ಮೇಲಿತ್ತು. ಹೆಂಗಸರು ಮೊರದ ಬಾಗಿನ ತಂದರು, ತೆಂಗಿನಕಾಯಿ ಒಡೆದರು, ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡರು. ಬಂದ ನೀರನ್ನು ಬಿಡಬಾರದೆಂದು ಹುಡುಗರು ಕೋಡಿಯ ಉದ್ದಕ್ಕೂ ಮರಳಿನ ಮೂಟೆ ಜೋಡಿಸಿದರು. ಒಂದು ಅಡಿ ಎತ್ತರ. ಒಂದು ಅಡಿ ನೀರು ಹೆಚ್ಚು ನಿಂತರೆ ಬೇಸಿಗೆ ದಾಟುತ್ತದೆ ಎಂಬ ಆಸೆ.

ನಿವೃತ್ತರಾಗಿ ಹತ್ತು ವರ್ಷವಾಗಿದ್ದ, ಎಪ್ಪತ್ತು ತುಂಬಿದ್ದ ಇವರು ಸಂಜೆ ಸುದ್ದಿ ಕೇಳಿ ಚಪ್ಪಲಿ ಮೆಟ್ಟಿದರು. ಒಬ್ಬರೇ ಹೋಗುವುದು ಬೇಡವೆಂದು ಟಾರ್ಚು, ಕೊಡೆ ಹಿಡಿದು ನಾನೂ ಹೊರಟೆ. ಮಳೆ ಬಿಟ್ಟಿರಲಿಲ್ಲ. ಮೂಟೆ ತೆಗೆಯಿರಿ ಎಂದರೆ ಯಾರು ಕೇಳುತ್ತಾರೆ? ‘ನಮ್ಮ ಜನ್ಮದಲ್ಲಿ ಒಂದು ಸಲ ನೀರು ಬಂದಿದೆ, ಅದನ್ನೂ ಹರಿಯಬಿಡಿ ಅನ್ನುತ್ತಾನೆ ಮುದುಕ’ ಎಂದು ಒಬ್ಬ ತೆಲುಗಿನಲ್ಲಿ ಬೈದ. ಇನ್ನೊಬ್ಬ ತೋಳು ಹಿಡಿದು ಸರಿಸಿದ. ಇವರು ಮರುಮಾತಾಡಲಿಲ್ಲ. ಪೂಜೆ ಮಾಡಿದವರ ತಟ್ಟೆಯಿಂದ ಕುಂಕುಮ ತೆಗೆದುಕೊಂಡು, ಕೋಡಿಯ ಪಕ್ಕದ ಕಲ್ಲಿನ ಮೇಲೆ ನೀರಿನ ಅಂಚಿಗೆ ಒಂದು ಗೆರೆ ಎಳೆದು, ಅಲ್ಲಿಯೇ ಕೊಡೆಯ ಕೆಳಗೆ ಕುಕ್ಕರುಗಾಲಿನಲ್ಲಿ ಕುಳಿತರು. ಅರ್ಧ ಗಂಟೆ ಕಳೆದ ಮೇಲೆ ಹುಡುಗರನ್ನು ಕರೆದು ತೋರಿಸಿದರು. ಗೆರೆ ನಾಲ್ಕು ಬೆರಳು ಮುಳುಗಿತ್ತು. ‘ಮೂರು ಅಂಗುಲ ಅನ್ನಿ. ಈಗ ಗಂಟೆ ಒಂಬತ್ತು. ಇದೇ ವೇಗದಲ್ಲಿ ಏರಿದರೆ ಬೆಳಗ್ಗೆ ಆರಕ್ಕೆ ಎಷ್ಟಾಗುತ್ತದೆ? ನಿಮ್ಮ ಟೀಚರನ್ನೇ ಕೇಳಿ.’ ನಾನು ಹೇಳಿದೆ: ನಾಲ್ಕೂವರೆ ಅಡಿ. ನೀರು ಆಗಲೇ ಮೂಟೆಯ ನೆತ್ತಿಗೆ ಬಂದಿತ್ತು. ಅಲ್ಲಿಂದ ಏರಿಯ ನೆತ್ತಿಗೆ ಉಳಿದಿದ್ದುದು ಮೂರೂವರೆ ಅಡಿ. ಮೂಟೆಯ ಮೇಲೆ ಹರಿದು ಒಂದಿಷ್ಟು ಹೊರಹೋಗುತ್ತದೆ ನಿಜ, ಆದರೆ ಮೇಲಿನ ಕೆರೆಯೂ ಅದೇ ರಾತ್ರಿ ಕೋಡಿ ಬೀಳುವುದರಲ್ಲಿತ್ತು. ಹುಡುಗರು ಮುಖ ಮುಖ ನೋಡಿಕೊಂಡರು. ಮೊದಲ ಮೂಟೆಯನ್ನು ಎಳೆದವನು ನೀರುಗಂಟಿಯ ಮಗ. ಉಳಿದದ್ದನ್ನು ಬೈದವನೇ ಎಳೆದ.

ಮಾರನೆಯ ಬೆಳಗ್ಗೆ ಊರಿನಲ್ಲಿ ಏನೂ ಆಗಿರಲಿಲ್ಲ. ಪತ್ರಿಕೆಯವರೂ ಬರಲಿಲ್ಲ.

ಈಗ ಆತಂಕ ಆಗಿನದಕ್ಕಿಂತ ಹೆಚ್ಚು. ಕಾರಣ ತಮಗೆ ಗೊತ್ತಿರುವುದೇ. 2018ರ ಜೂನಿನಿಂದ ಕೆ.ಸಿ. (ಕೋರಮಂಗಲ–ಚಲ್ಲಘಟ್ಟ) ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಜಿಲ್ಲೆಗೆ ಬರುತ್ತಿದೆ. ದಿನಕ್ಕೆ 440 ದಶಲಕ್ಷ ಲೀಟರ್, 126 ಕೆರೆ ಎಂಬುದು ಯೋಜನೆಯ ಲೆಕ್ಕ. ಎರಡನೇ ಹಂತದವರೆಗೆ ಮಾತ್ರ ಶುದ್ಧ ಮಾಡಿದರೆ ಸಾಲದು, ಮೂರನೇ ಹಂತವೂ ಬೇಕು ಎಂದು ರೈತರು ಕೇಳುತ್ತಲೇ ಇದ್ದಾರೆ. ಇವರೂ ಅದನ್ನೇ ಹೇಳುತ್ತಿದ್ದರು. ಆದರೆ ಬತ್ತಿದ್ದ ಕೊಳವೆಬಾವಿಗಳಲ್ಲಿ ನೀರು ಕಂಡಾಗ ಸಂತೋಷಪಡದೆ ಇರಲಿಲ್ಲ. ಅವರ ಕಳವಳ ಬೇರೆಯದೇ ಆಗಿತ್ತು, ಅದನ್ನು ಮತ್ತಾರೂ ಹೇಳಿದ್ದು ನಾನು ಕೇಳಿಲ್ಲ. ಹಿಂದೆ ಅಕ್ಟೋಬರ್, ನವೆಂಬರಿನ ಚಂಡಮಾರುತದ ಮಳೆ ಬರುವ ಹೊತ್ತಿಗೆ ಕೆರೆಗಳು ಅರ್ಧಕ್ಕರ್ಧ ಖಾಲಿ ಇರುತ್ತಿದ್ದವು. ಬಂದ ನೆರೆಯನ್ನು ಆ ಖಾಲಿ ಜಾಗ ನುಂಗಿಕೊಳ್ಳುತ್ತಿತ್ತು. ಈಗ ವರ್ಷಪೂರ್ತಿ ತುಂಬಿಯೇ ಇರುವ ಕೆರೆಗೆ ಅದೇ ಮಳೆ ಬಿದ್ದರೆ ಮೊದಲ ಗಂಟೆಯಿಂದಲೇ ಕೋಡಿ. ಕೆರೆ ತುಂಬಿಸುವ ಪೈಪಿಗೆ ಹಣ ಇಟ್ಟವರು ಕೋಡಿಯ ಬಾಯಿಗೂ ಒಂದಿಷ್ಟು ಹಣ ಇಡಬೇಕು ಎಂದು ಅವರು ಅರ್ಜಿ ಬರೆದಿದ್ದರು. ಸ್ವೀಕೃತಿ ಪತ್ರ ಬಂತು.

ಇಂಜಿನಿಯರುಗಳ ದಿನ ಎಂದಿರುವುದರಿಂದ ಇನ್ನೊಂದು ಮಾತು. ಆ ದಿನ ಯಾರ ಜನ್ಮದಿನವೋ ಆ ವಿಶ್ವೇಶ್ವರಯ್ಯನವರ ಮುದ್ದೇನಹಳ್ಳಿಗೆ ಇವರು ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದರು. ಅಲ್ಲಿ ಮಕ್ಕಳಿಗೆ ಕನ್ನಂಬಾಡಿಯ ಕಥೆ ಹೇಳುತ್ತಿರಲಿಲ್ಲ, ಅದನ್ನು ಎಲ್ಲರೂ ಹೇಳುತ್ತಾರೆ. 1908ರಲ್ಲಿ ಹೈದರಾಬಾದಿನ ಮೂಸಿ ನದಿಯ ಪ್ರವಾಹದ ಕಥೆ ಹೇಳುತ್ತಿದ್ದರು. ಮೇಲಿನ ಜಲಾನಯನದ ಸಣ್ಣ ಕೆರೆಗಳು 200ಕ್ಕೂ ಹೆಚ್ಚು ಒಡೆದು ನೀರು ಊರ ಮೇಲೆ ಬಂದಿತ್ತು. ನಿಜಾಮರ ಸರ್ಕಾರ ಕರೆಸಿಕೊಂಡ ವಿಶ್ವೇಶ್ವರಯ್ಯನವರು ನಗರದ ಮೇಲ್ಭಾಗದಲ್ಲಿ ನೆರೆಯನ್ನು ತಡೆದು ನಿಧಾನವಾಗಿ ಬಿಡುವ ಜಲಾಶಯಗಳನ್ನು ಸೂಚಿಸಿದರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಹಾಗೆ ಬಂದವು. ನೀರು ಬಂದಾಗ ಅದಕ್ಕೊಂದು ಜಾಗ ಇರಬೇಕು, ಬರದಿದ್ದಾಗಲೂ ಆ ಜಾಗ ಖಾಲಿ ಇರಬೇಕು ಎಂಬುದನ್ನು ಮಕ್ಕಳಿಗೆ ಅವರು ಆ ಊರಿನ ಮಣ್ಣಿನ ಮೇಲೆ ಕಡ್ಡಿಯಿಂದ ಚಿತ್ರ ಬರೆದು ತೋರಿಸುತ್ತಿದ್ದರು.

ನನ್ನ ಬೇಡಿಕೆಗಳು ದೊಡ್ಡವಲ್ಲ. ಶಂಕುಸ್ಥಾಪನೆಗೆ ತಾವು ಬರಬೇಡಿ. ತಾವು ಬಾರದಿದ್ದರೆ ಕಾರ್ಯಕ್ರಮ ತಾನಾಗಿಯೇ ನಿಲ್ಲುತ್ತದೆ, ಯಾರಿಗೂ ಮುಖಭಂಗವಾಗುವುದಿಲ್ಲ. ಅದೇ ದಿನ ತಮ್ಮ ಇಂಜಿನಿಯರುಗಳನ್ನೂ ಭೂಮಾಪಕರನ್ನೂ ಕರೆದುಕೊಂಡು ಕೋಡಿಯ ಬಳಿಗೆ ಬನ್ನಿ, 150 ಅಡಿ ಇದೆಯೋ ಇಲ್ಲವೋ ಟೇಪು ಹಿಡಿಸಿ ನೋಡಿ. ಇದ್ದರೆ ಎರಡೂ ಕೊನೆಗೆ ಒಂದೊಂದು ಕಲ್ಲು ನೆಡಿಸಿ ಅದರ ಮೇಲೆ ಕೋಡಿಯ ಉದ್ದ, ಮಟ್ಟ ಎರಡನ್ನೂ ಕೆತ್ತಿಸಿ. ಅಲ್ಲಿಂದ ಕೆಳಗಿನ ಕೆರೆಯವರೆಗೆ ನೀರಿನ ದಾರಿಗೆ ಗಡಿ ಗುರುತು ಮಾಡಿಸಿ. ಪ್ರತಿಮೆಗೆಂದು ಸೇರಿಸಿರುವ ಚಂದಾ ಹಣ ಈ ಕಲ್ಲುಗಳಿಗೂ ಕೋಡಿಯ ಕೆಳಗಿನ ಕಸ ಎತ್ತಿಸುವುದಕ್ಕೂ ಸಾಕಾಗುತ್ತದೆ, ಬಹುಶಃ ಮಿಗುತ್ತದೆ. ಮಿಕ್ಕರೆ ನೀರುಗಂಟಿಗೆ ಮಳೆಗಾಲದ ಒಂದು ಟಾರ್ಚು, ಒಂದು ರೇನ್‌ಕೋಟು ಕೊಡಿಸಿ. ಸಂಬಳವಿಲ್ಲದಿದ್ದರೂ ಅಪ್ಪನ ಕಾಲದ ಅಭ್ಯಾಸಬಲದಿಂದ ಅವನು ಈಗಲೂ ರಾತ್ರಿ ಏರಿ ಸುತ್ತುತ್ತಾನೆ. ಕೆರೆ ಒಡೆದ ಮೇಲೆ ಪರಿಹಾರದ ಚೆಕ್ಕು ಹಂಚುವುದೆಂದರೆ ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಆ ಕೆಲಸ ತಮ್ಮ ಕಾಲದಲ್ಲಿ ಬಾರದಿರಲಿ.

ಊರಿನ ಹುಡುಗರಿಗೆ ಒಂದು ಮಾತು. ನಿಮಗೆ ಬೇಸರವಾಗಿದೆ ಎಂದು ಗೊತ್ತು. ಸರ್ ಹೆಸರು ಊರಿನಲ್ಲಿ ಉಳಿಯಬೇಡವೇ ಎಂದು ನೀವು ಕೇಳಿದಿರಿ. ಈ ಪತ್ರದಲ್ಲಿ ನಾನು ಅವರ ಹೆಸರನ್ನು ಬೇಕೆಂದೇ ಬರೆದಿಲ್ಲ. ನಿಮಗೆ ಹೇಗೂ ಗೊತ್ತು. ಬೇರೆಯವರಿಗೆ ಗೊತ್ತಾಗಬೇಕಾದದ್ದು ಕೋಡಿಯ ಅಳತೆ. ಹಾರ ಹಾಕಲೇಬೇಕು ಎನ್ನಿಸಿದರೆ ಮನೆಗೆ ಬನ್ನಿ, ಫೋಟೊ ನಡುಮನೆಯಲ್ಲೇ ಇದೆ. ಬರಿಗೈಯಲ್ಲಿ ಬಂದರೂ ಕಾಫಿ ಕೊಡುತ್ತೇನೆ.

ಕೊನೆಯದಾಗಿ ನೋಟ್‌ಬುಕ್ಕುಗಳ ವಿಷಯ. ಅವೆಲ್ಲ ಒಂದು ಕಬ್ಬಿಣದ ಟ್ರಂಕಿನಲ್ಲಿವೆ. ಅವಿಭಜಿತ ಕೋಲಾರದ ಅನೇಕ ಕೆರೆಗಳ ಕೋಡಿಯ ಉದ್ದ, ಮಟ್ಟ ಅವುಗಳಲ್ಲಿ ಸಿಗುತ್ತವೆ. ಕೆಲವು ಪುಟಗಳ ಅಂಚನ್ನು ಗೆದ್ದಲು ತಿಂದಿದೆ, ಅಂಕಿಗಳು ಉಳಿದಿವೆ. ಕೆಲವು ಕಡೆ ಅಳತೆ ಅಡಿಯಲ್ಲಿದೆ, ಕೆಲವು ಕಡೆ ಮೀಟರಿನಲ್ಲಿದೆ. ಯಾವುದು ಯಾವುದೆಂದು ನಾನು ಬಿಡಿಸಿ ಹೇಳಬಲ್ಲೆ, ಆದ್ದರಿಂದ ನಾನಿರುವಾಗಲೇ ತೆಗೆದುಕೊಂಡು ಹೋಗುವುದು ಒಳ್ಳೆಯದು. ತಮ್ಮ ಕಡೆಯಿಂದ ಯಾರೇ ಬಂದರೂ ಕೊಡುತ್ತೇನೆ. ಪುಸ್ತಕಗಳನ್ನು ಎಣಿಸಿ, ಪುಟಸಂಖ್ಯೆ ನಮೂದಿಸಿ, ಸಹಿ ಮತ್ತು ಮೊಹರು ಹಾಕಿದ ರಸೀದಿ ಕೊಡಬೇಕು. ಭಾನುವಾರ ಬೆಳಗ್ಗೆ ಮಾತ್ರ ಬೇಡ, ಆಗ ಬೀದಿಯ ಮಕ್ಕಳು ಲೆಕ್ಕ ಹೇಳಿಸಿಕೊಳ್ಳಲು ಬರುತ್ತಾರೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಗಣಿತ ಶಿಕ್ಷಕಿ
ಕೋಲಾರ ಜಿಲ್ಲೆ